ಹೊಗೆಸೊಪ್ಪಿನ ಒಪ್ಪಿಗೆ

ಗಾಜಿನ ಹಿಂದೆ ಒಂದು ಕಾಗದ ಇತ್ತು. ಡೆಲ್ಫೀನ್ ನಾಲ್ಕು ವರ್ಷದಿಂದ ಆ ಗಾಜನ್ನು ಒರೆಸುತ್ತಿದ್ದಳು.

ಕಾನೂನಿನಲ್ಲಿ ಸಂಶೋಧನೆ ಮಾಡಿ ಡಾಕ್ಟರೇಟ್ ತೆಗೆದುಕೊಳ್ಳುವವರು ಏನೇನು ತರಬೇಕು ಎಂದು ಅದರಲ್ಲಿ ಬರೆದಿತ್ತು. ಕಾನೂನು ಪದವಿ ಇರಬೇಕು. ಅದರ ಮೇಲೆ ಸ್ನಾತಕೋತ್ತರ ಪದವಿ ಇರಬೇಕು. ಎರಡರಲ್ಲೂ ಒಳ್ಳೆಯ ಅಂಕ ಬಂದಿರಬೇಕು. ಕಾನೂನು ಕಲಿಸುವ ಇಬ್ಬರು ಪತ್ರ ಬರೆದುಕೊಡಬೇಕು. ಇಂಗ್ಲಿಷ್ ಮನೆಮಾತಲ್ಲದವರು ತಮಗೆ ಇಂಗ್ಲಿಷ್ ಬರುತ್ತದೆಂದು ಪರೀಕ್ಷೆ ಬರೆದು ತೋರಿಸಬೇಕು. ಸೇರಿದ ಮೇಲೆ ಆರು ವರ್ಷದೊಳಗೆ ಪ್ರಬಂಧ ಒಪ್ಪಿಸಬೇಕು. ಒಪ್ಪಿಸದಿದ್ದರೆ ಹೆಸರು ತೆಗೆಯಲಾಗುವುದು.

ಬೆಳಿಗ್ಗೆ ಐದಕ್ಕೆ ಅವಳ ಕೆಲಸ ಶುರು. ವಿನ್ನಿಪೆಗ್‌ನಲ್ಲಿ ಚಳಿಗಾಲ ಸುಮಾರು ಆರು ತಿಂಗಳು. ಹಿಮ ಕರಗಲೆಂದು ದಾರಿಗೆ ಉಪ್ಪು ಸುರಿಯುತ್ತಾರೆ. ಆ ಉಪ್ಪೆಲ್ಲ ಬೂಟುಗಳ ಅಡಿಯಲ್ಲಿ ಕಾನೂನು ಕಾಲೇಜಿನೊಳಗೆ ಬರುತ್ತದೆ. ಒಣಗಿದರೆ ನೆಲದ ಮೇಲೆ ಬಿಳಿ ಕಲೆ. ಬರೀ ನೀರಿಗೆ ಹೋಗುವುದಿಲ್ಲ. ನೀರಿಗೆ ವಿನೆಗರ್ ಸೇರಿಸಿ, ಮಂಡಿಯೂರಿ ಉಜ್ಜಬೇಕು. ಅವಳ ಬೆರಳಿನ ಸಂದಿಗಳು ಡಿಸೆಂಬರಿನಲ್ಲಿ ಒಡೆದರೆ ಏಪ್ರಿಲ್‌ವರೆಗೆ ಕೂಡುತ್ತಿರಲಿಲ್ಲ. ಒಡೆದಲ್ಲಿ ವಿನೆಗರ್ ತಾಗಿದರೆ ಹಲ್ಲು ಕಚ್ಚಿಕೊಳ್ಳಬೇಕು. ಅವಳು ಕಚ್ಚಿಕೊಳ್ಳುತ್ತಿದ್ದಳು. ಮಾತಾಡುವ ಅಭ್ಯಾಸ ಅವಳಿಗೆ ಮೊದಲಿನಿಂದಲೂ ಕಡಿಮೆ.

ಅವಳು ಓದಿದ್ದು ಎಂಟನೇ ತರಗತಿ. ಉತ್ತರದಲ್ಲಿ ಅವಳ ಊರಿನ ಶಾಲೆ ಅಲ್ಲಿಗೇ ಮುಗಿಯುತ್ತದೆ. ಮುಂದೆ ಓದಬೇಕಾದರೆ ಚಿಕ್ಕ ವಿಮಾನದಲ್ಲಿ ಪೇಟೆಗೆ ಹೋಗಿ, ಗುರುತಿಲ್ಲದವರ ಮನೆಯಲ್ಲಿ ಇರಬೇಕು. ಹೋದಳು. ಆ ಮನೆಯವರು ಫ್ರಿಜ್ಜಿಗೆ ಬೀಗ ಹಾಕುತ್ತಿದ್ದರು. ನಾಲ್ಕು ತಿಂಗಳು ಇದ್ದು ವಾಪಸ್ ಬಂದಳು. ತಾಯಿ ಆಗಲೇ ತೀರಿಕೊಂಡಿದ್ದಳು. ಸಾಕಿದವಳು ಅಜ್ಜಿ ಫಿಲೊಮಿನ್ ಕ್ಯಾಸ್ಟೆಲ್. ಅವರ ಮೂಲನಿವಾಸಿ ಜನರ ಕ್ರೀ ಮಾತಿನಲ್ಲಿ ಅಜ್ಜಿಗೆ ಕೂಕುಮ್ ಅನ್ನುತ್ತಾರೆ. ಊರೆಲ್ಲ ಅವಳನ್ನು ಕೂಕುಮ್ ಎಂದೇ ಕರೆಯುತ್ತಿತ್ತು.

ಡೆಲ್ಫೀನ್‌ಗೆ ಹದಿನೆಂಟು ತುಂಬಿದ ವರ್ಷ ಕೂಕುಮ್‌ನ ಮೂತ್ರಪಿಂಡ ಕೈಕೊಟ್ಟಿತು. ವಾರಕ್ಕೆ ಮೂರು ದಿನ ರಕ್ತ ತೊಳೆಸಬೇಕು. ಆ ಯಂತ್ರ ಊರಿನಲ್ಲಿ ಇಲ್ಲ. ಊರು ಬಿಟ್ಟು ಬದುಕು, ಇಲ್ಲವೇ ಊರಲ್ಲಿದ್ದು ಸಾಯಿ. ಇಬ್ಬರೂ ವಿನ್ನಿಪೆಗ್‌ಗೆ ಬಂದು ಚಿಕ್ಕಮ್ಮ ಐರೀನ್‌ಳ ಎರಡು ಕೋಣೆಯ ಮನೆ ಸೇರಿದರು. ಐರೀನ್ ಆಗ ಡಾಕ್ಟರೇಟಿಗೆ ಸೇರಿ ಎರಡನೇ ವರ್ಷ. ಅದೇ ಕಾಲೇಜಿನಲ್ಲಿ ಗುಡಿಸುವ ಕೆಲಸ ಇದೆ ಎಂದು ಹೇಳಿದವಳೂ ಅವಳೇ.

ಐರೀನ್ ಕೂಕುಮ್‌ನ ಹೊಟ್ಟೆಯಲ್ಲಿ ಹುಟ್ಟಿದವಳು. ಕೈಯಲ್ಲಿ ಬೆಳೆದವಳಲ್ಲ. ಅವಳಿಗೆ ಮೂರು ವರ್ಷವಾಗಿದ್ದಾಗ ಸರ್ಕಾರದ ಕಡೆಯಿಂದ ಒಬ್ಬ ಹೆಂಗಸು ಬಂದಳು. ಮಗುವಿಗೆ ಕೆಮ್ಮಿದೆ, ಪೇಟೆ ಡಾಕ್ಟರಿಗೆ ತೋರಿಸಬೇಕು, ಸಹಿಯ ಬದಲು ಇಲ್ಲೊಂದು ಗೀಟು ಹಾಕು ಅಂದಳು. ಕೂಕುಮ್ ಹಾಕಿದಳು. ಅದು ಡಾಕ್ಟರಿನ ಕಾಗದ ಅಲ್ಲ. ಐರೀನ್ ದಕ್ಷಿಣದ ಯಾವುದೋ ಬಿಳಿಯರ ಮನೆಗೆ ದತ್ತು ಹೋದಳು. ಐರೀನ್ ಡಾಲ್ಟನ್ ಆದಳು. ಇಪ್ಪತ್ತಾರನೇ ವಯಸ್ಸಿನಲ್ಲಿ ಹುಡುಕಿಕೊಂಡು ಬಂದಾಗ ಕೂಕುಮ್ ಅವಳ ಕಿವಿಯ ಹಿಂದೆ ಕೈ ಹಾಕಿ, ಅಲ್ಲಿದ್ದ ಸುಟ್ಟ ಕಲೆ ಮುಟ್ಟಿ ನೋಡಿದಳು. ಆಮೇಲೆ 'ಪಿಯೇಸೀಸ್' ಅಂದಳು. ಪುಟ್ಟ ಹಕ್ಕಿ ಅಂತ. ಐರೀನ್‌ಗೆ ಆ ಮಾತೇ ಅರ್ಥವಾಗಲಿಲ್ಲ.

ಗಾಜಿನ ಹಿಂದಿನ ಕಾಗದ ಕೇಳಿದ್ದೆಲ್ಲ ಐರೀನ್ ತಂದಿದ್ದಳು. ಮೂವತ್ತೈದು ದಾಟಿದ ಮೇಲೆ ಕಾನೂನು ಓದಿದಳು. ಮೇಲಿನ ಪದವಿ ಮಾಡಿದಳು. ಅಂಕ, ಪತ್ರ, ಎಲ್ಲ ಇತ್ತು. ಅವಳ ಪ್ರಬಂಧ ಕ್ರೀ ಜನರ ಕಾನೂನಿನ ಮೇಲೆ. ಕೆರೆಯಲ್ಲಿ ಯಾರು ಎಲ್ಲಿ ಬಲೆ ಹಾಕಬೇಕು, ಜಗಳ ಬಂದರೆ ಹೇಗೆ ತೀರಬೇಕು, ಇಂಥದ್ದು. ಅವಳಿಗೆ ಕ್ರೀ ಬರುತ್ತದೆಯೇ ಎಂದು ಯಾರೂ ಕೇಳಲಿಲ್ಲ. ಕಾಗದದಲ್ಲಿ ಅದು ಇರಲಿಲ್ಲ.

ಕೂಕುಮ್‌ನ ಮಾತನ್ನು ಮೊದಲ ಸಲ ರೆಕಾರ್ಡ್ ಮಾಡಿಕೊಂಡ ದಿನ ಡೆಲ್ಫೀನ್ ಕೆಲಸದಲ್ಲಿದ್ದಳು. ಸಂಶೋಧನೆಗೆ ಮಾತು ಕೊಟ್ಟವರಿಗೆ ಏನು ಕೊಡಬೇಕು ಎಂಬುದಕ್ಕೂ ಕಾಲೇಜಿನಲ್ಲಿ ಒಂದು ಕಚೇರಿ ಇದೆ. ಕಾಫಿ ಅಂಗಡಿಯ ಉಡುಗೊರೆ ಕಾರ್ಡು ಕೊಡಬಹುದು ಎಂದು ಕಚೇರಿ ಬರೆದುಕೊಟ್ಟಿತ್ತು. ಐರೀನ್ ಕಾರ್ಡು ಕೊಟ್ಟಳು. ಮಾತಾಡಲು ಒಪ್ಪಿಗೆಯೇ ಎಂದು ಇಂಗ್ಲಿಷಿನಲ್ಲಿ ಕೇಳಿದಳು. ಕೂಕುಮ್ ತನ್ನ ಅರೆಬರೆ ಇಂಗ್ಲಿಷಿನಲ್ಲಿ 'ಎಸ್, ಎಸ್, ಓಕೆ, ಥ್ಯಾಂಕ್ಯೂ' ಅಂದಳು. ಆಮೇಲೆ ಅದೇ ಇಂಗ್ಲಿಷಿನಲ್ಲಿ ಒಂದೂವರೆ ಗಂಟೆ ಮಾತಾಡಿದಳು.

ಅವಳು ಹೇಳಿದ್ದು ಇದು. ಇನ್ನೊಬ್ಬರ ಬಲೆಯಿಂದ ಮೀನು ಕದ್ದವನು ಮೂರು ದಿನ ಷರಾಯಿಯನ್ನು ಹಿಂದುಮುಂದಾಗಿ ತೊಟ್ಟುಕೊಳ್ಳಬೇಕು. ಊರಿನ ನಾಯಿಗಳ ಮುಂದೆ ನಿಂತು ತಪ್ಪಾಯಿತು ಅನ್ನಬೇಕು. ನಾಯಿಗಳು ಸುಮ್ಮನಿದ್ದರೆ ಬಿಡುಗಡೆ. ಒಂದು ನಾಯಿ ಬೊಗಳಿದರೂ ಇನ್ನು ಮೂರು ದಿನ.

ಐರೀನ್ ಅದನ್ನು ಲೇಖನ ಮಾಡಿ ಗೈಡ್ ಪ್ರೊಫೆಸರ್ ವಿಟೇಕರ್‌ಗೆ ತೋರಿಸಿದಳು. ಅವರು ಕುರ್ಚಿಯಿಂದ ಎದ್ದೇಬಿಟ್ಟರಂತೆ. ಪ್ರಾಣಿಗಳನ್ನೇ ನ್ಯಾಯಾಧೀಶರನ್ನಾಗಿ ಮಾಡಿದ ಕಾನೂನು ಲೋಕದಲ್ಲಿ ಎಲ್ಲಿದೆ ಎಂದರಂತೆ. ಎಂಟು ತಿಂಗಳಲ್ಲಿ ಅವರ ಒಂದು ಲೇಖನವೂ ಅಚ್ಚಾಯಿತು. ಅದರಲ್ಲಿ ಕೂಕುಮ್‌ಗೆ ಹೆಸರಿರಲಿಲ್ಲ. ಮಾತು ಕೊಟ್ಟವರ ಹೆಸರು ಹಾಕಬಾರದು ಎಂಬುದು ಕಚೇರಿಯ ನಿಯಮ. 'ಭಾಗಿ ಸಂಖ್ಯೆ ಒಂದು' ಎಂದಿತ್ತು.

ಆ ಪತ್ರಿಕೆಯನ್ನು ಐರೀನ್ ಒಂದು ಭಾನುವಾರ ಅಡುಗೆಮನೆಯ ಮೇಜಿನ ಹತ್ತಿರ ಓದಿ ಹೇಳಿದಳು. ಡೆಲ್ಫೀನ್ ಟೀ ಕುಡಿಯುತ್ತಿದ್ದಳು. ಟೀ ಮೂಗಿನಿಂದ ಬಂತು.

"ಯಾಕೆ? ಏನಾಯ್ತೇ?"

"ಚಿಕ್ಕಮ್ಮ, ಅದು ನಾಯಿ ಕಥೆ."

"ಅಂದ್ರೆ?"

"ನಾವು ಸಣ್ಣೋರಿದ್ದಾಗ ಊಟ ಮಾಡದೆ ಹಟ ಮಾಡಿದ್ರೆ ಹೇಳ್ತಿದ್ದ ಕಥೆ. ಕೊನೇಲಿ ನಾಯಿಗಳು ಬೊಗಳೋದು ನಿಲ್ಸೋದೇ ಇಲ್ಲ. ಅವನು ವಸಂತ ಬರೋವರೆಗೂ ಹಂಗೇ ಓಡಾಡ್ತಾನೆ. ಮೂತ್ರಕ್ಕೆ ಹೋಗೋಕೂ ಆಗಲ್ಲ ಅವನಿಗೆ."

ಐರೀನ್ ಪತ್ರಿಕೆ ಕೆಳಗಿಟ್ಟಳು. ಕೂಕುಮ್ ಕಿಟಕಿಯ ಹತ್ತಿರ ಮಣಿ ಪೋಣಿಸುತ್ತಿದ್ದಳು. ತಲೆ ಎತ್ತಲಿಲ್ಲ. ಡೆಲ್ಫೀನ್ ಕ್ರೀಯಲ್ಲಿ ಕೇಳಿದಳು, ಯಾಕೆ ಹಾಗೆ ಮಾಡಿದೆ ಎಂದು.

"ಕಾಫಿ ಕಾರ್ಡು ಕೊಟ್ಟಳು" ಅಂದಳು ಕೂಕುಮ್. "ಕಾಫಿಯಷ್ಟು ಹೇಳಿದೆ."

ಐರೀನ್ ಮೊದಲು ನಕ್ಕಳು. ಆಮೇಲೆ ಮುಖ ತಿರುಗಿಸಿಕೊಂಡು ಬಹಳ ಹೊತ್ತು ಪಾತ್ರೆ ತೊಳೆದಳು. ಅವಳಿಗೆ ನಾಚಿಕೆಯಾದದ್ದು ಕಥೆಗಲ್ಲ. ಸ್ವಂತ ತಾಯಿಯ ಹತ್ತಿರ ಹೇಗೆ ಕೇಳಬೇಕೆಂದು ತನಗೆ ಗೊತ್ತಿಲ್ಲವಲ್ಲ, ಅದಕ್ಕೆ.

ಹೇಗೆ ಕೇಳಬೇಕೆಂದು ಡೆಲ್ಫೀನ್ ಕಲಿಸಿದಳು. ಹಿರಿಯರಲ್ಲಿ ದೊಡ್ಡ ಮಾತು ಕೇಳುವಾಗ ಹೊಗೆಸೊಪ್ಪು ಕೊಡಬೇಕು. ಒಂದು ಹಿಡಿ, ಕೆಂಪು ಬಟ್ಟೆಯಲ್ಲಿ ಕಟ್ಟಿ. ಏನು ಬೇಕೆಂದು ಹೇಳಿ ಮುಂದೆ ಇಡಬೇಕು. ಅವಸರ ಮಾಡಬಾರದು. ಹಿರಿಯರು ಅದನ್ನು ತೆಗೆದುಕೊಂಡರೆ ಒಪ್ಪಿದಂತೆ. ತೆಗೆದುಕೊಳ್ಳದಿದ್ದರೆ ಎದ್ದು ಹೋಗಬೇಕು. ತೆಗೆದುಕೊಂಡ ಮೇಲೆ ಅವರು ಸುಳ್ಳು ಹೇಳುವಂತಿಲ್ಲ. ಮತ್ತೆ, ನೆಲದ ಮೇಲೆ ಹಿಮ ಇರುವಾಗ ಮಾತ್ರ ಕೇಳಬೇಕು.

ಐರೀನ್ ಹಿಮಕ್ಕೆ ಕಾದಳು. ನವೆಂಬರಿನಲ್ಲಿ ಮೊದಲ ಗಂಟು ಇಟ್ಟಳು. ಕೂಕುಮ್ ಆ ಗಂಟನ್ನು ಎಷ್ಟು ಹೊತ್ತು ನೋಡಿದಳೆಂದರೆ ಟೀ ಆರಿಹೋಯಿತು. ಆಮೇಲೆ ಎರಡೂ ಕೈಯಲ್ಲಿ ತೆಗೆದುಕೊಂಡಳು.

ಹೀಗೆ ಎರಡು ಚಳಿಗಾಲದಲ್ಲಿ ಹತ್ತು ದಿನ. ಹತ್ತು ಗಂಟು. ಕೂಕುಮ್ ಕ್ರೀಯಲ್ಲೇ ಹೇಳಿದಳು. ಅವಳು ಹೇಳಿದ್ದು ಇಲ್ಲಿ ಬೇಡ. ಕೇಳಿದವರಿಗೆ ಹೇಳಿದ್ದು ಅದು.

ಅದನ್ನು ಬರೆದು ಇಂಗ್ಲಿಷಿಗೆ ತಂದವಳು ಡೆಲ್ಫೀನ್. ಮಧ್ಯಾಹ್ನ ಕೆಲಸ ಮುಗಿಸಿ ಬಂದು, ಒಡೆದ ಬೆರಳಿಗೆ ಪಟ್ಟಿ ಸುತ್ತಿ, ಹೆಡ್‌ಫೋನ್ ಕಿವಿಗೆ ಹಾಕಿಕೊಂಡು ಕೂರುತ್ತಿದ್ದಳು. ಒಂದು ಮಾತು ಕೇಳಿ ನಿಲ್ಲಿಸುವುದು, ಬರೆಯುವುದು, ಮತ್ತೆ ಕೇಳುವುದು. ಒಂದೊಂದು ಶಬ್ದಕ್ಕೆ ಇಡೀ ಮಧ್ಯಾಹ್ನ ಹೋಗುತ್ತಿತ್ತು. ಕೂಕುಮ್ ಯಂತ್ರಕ್ಕೆ ತೋಳು ಕೊಟ್ಟು ಮಲಗಿದ್ದಾಗಲೂ ಡೆಲ್ಫೀನ್ ಪಕ್ಕದಲ್ಲಿ ಕೂತು ಕೇಳುತ್ತಿದ್ದಳು, ಇದು ಮಂಜುಗಡ್ಡೆ ಒಡೆಯೋ ಸದ್ದಾ, ಒಡೆಯೋ ಮೊದಲಿನ ಸದ್ದಾ? 'ಮೊದಲಿನದು ಕಣೇ ಪೆದ್ದಿ, ಒಡೆದ ಮೇಲೆ ಕೇಳಿ ಏನು ಉಪಯೋಗ' ಎನ್ನುತ್ತಿದ್ದಳು ಕೂಕುಮ್. ನಾನೂರು ಪುಟ ಆಯಿತು. ಎಂಟನೇ ತರಗತಿಯ ದುಂಡಕ್ಷರ. ಐರೀನ್ ಆ ಪುಟಗಳ ಮೇಲೆ ಪ್ರಬಂಧ ಕಟ್ಟಿದಳು.

ಐರೀನ್ ಡಾಕ್ಟರೇಟಿಗೆ ಸೇರಿದ ಆರನೇ ವರ್ಷದ ಫೆಬ್ರವರಿಯಲ್ಲಿ ಕಚೇರಿಯಿಂದ ಪತ್ರ ಬಂತು.

ಮೊದಲ ದಿನದ ಮಾತಿಗೆ ಒಪ್ಪಿಗೆ ಸರಿಯಾಗಿದೆ. ರೆಕಾರ್ಡಿನಲ್ಲಿ 'ಎಸ್' ಎಂದು ಸ್ಪಷ್ಟವಾಗಿ ಕೇಳಿಸುತ್ತದೆ. ಕಾರ್ಡಿನ ರಸೀದಿಯೂ ಇದೆ. ಉಳಿದ ಹತ್ತು ದಿನಕ್ಕೆ ಒಪ್ಪಿಗೆ ಕಾಣುವುದಿಲ್ಲ. ರೆಕಾರ್ಡಿನ ಆರಂಭದಲ್ಲಿ ಮೌನ ಇದೆ, ಬಟ್ಟೆ ಸರಿದಾಡಿದ ಸದ್ದು ಇದೆ. ಮೌನವನ್ನು ಒಪ್ಪಿಗೆ ಎನ್ನಲಾಗದು. ಭಾಗಿ ಸಂಖ್ಯೆ ಒಂದರ ಸಹಿ ಆಗಸ್ಟ್ ಮೂವತ್ತೊಂದರೊಳಗೆ ಬೇಕು. ಬಾರದಿದ್ದರೆ ಆ ಹತ್ತು ದಿನದ ಮಾತನ್ನು ಪ್ರಬಂಧದಲ್ಲಿ ಬಳಸುವಂತಿಲ್ಲ.

ಐರೀನ್ ಪತ್ರವನ್ನು ಮೂರು ದಿನ ಚೀಲದಲ್ಲೇ ಇಟ್ಟುಕೊಂಡು ಓಡಾಡಿದಳು. ನಾಲ್ಕನೇ ದಿನ ಕೂಕುಮ್‌ನ ಮುಂದೆ ಮಂಡಿಯೂರಿ ಕೂತಳು. ಕಾಗದ ತೆಗೆಯಲಿಲ್ಲ. ಡೆಲ್ಫೀನ್ ಕ್ರೀಯಲ್ಲಿ ವಿಷಯ ಹೇಳಿದಳು.

"ಹೊಗೆಸೊಪ್ಪು ತಗೊಂಡೆ" ಅಂದಳು ಕೂಕುಮ್.

"ಹೌದು, ಆದ್ರೆ ಅವರಿಗೆ ಗೀಟು ಬೇಕಂತೆ."

"ಗೀಟು ಒಂದ್ಸಲ ಹಾಕಿದೀನಿ."

ಕೂಕುಮ್ ಐರೀನ್‌ಳ ಕಿವಿಯ ಹಿಂದೆ ಕೈ ಇಟ್ಟಳು.

"ಬಾಯಲ್ಲಾದ್ರೂ ಹೂಂ ಅಂದ್ಬಿಡು ಕೂಕುಮ್" ಅಂದಳು ಡೆಲ್ಫೀನ್. "ರೆಕಾರ್ಡ್ ಮಾಡ್ಕೊಳ್ತೀನಿ. ಅಷ್ಟಾದ್ರೂ ಅವರು ಒಪ್ಪಬಹುದು."

"ಒಂದ್ಸಲ ಒಪ್ಪಿದ್ದನ್ನ ಇನ್ನೊಂದ್ಸಲ ಒಪ್ಪಿದ್ರೆ ಮೊದಲನೇದು ಸುಳ್ಳು ಅಂದಂಗಾಗಲ್ವಾ? ಹತ್ತು ಗಂಟು ತಗೊಂಡು ನಾನು ಸುಳ್ಳಿ ಆಗ್ಬೇಕಾ?" ಅವಳು ಐರೀನ್ ಕಡೆ ತಿರುಗಿದಳು. "ಪಿಯೇಸೀಸ್, ನಿನ್ನ ಸ್ಕೂಲಿನೋರಿಗೆ ಹೇಳು. ಅವರೇ ಹೊಗೆಸೊಪ್ಪು ತಗೊಂಡು ಬರ್ಲಿ. ಕೂರ್ಲಿ. ಕೇಳ್ಲಿ. ನಾನೇನು ಕಚ್ಚಲ್ಲ."

ಐರೀನ್ ಎರಡನೇ ಸಲ ಕೇಳಲಿಲ್ಲ. ಕಾಲೇಜಿನಿಂದ ಯಾರೂ ಬರಲಿಲ್ಲ. ಅಂಥ ನಿಯಮ ಇಲ್ಲ ಎಂದು ಕಚೇರಿ ಉತ್ತರ ಬರೆಯಿತು.

ಮೇ ತಿಂಗಳ ಒಂದು ಮಂಗಳವಾರ ಬೆಳಿಗ್ಗೆ ಕೂಕುಮ್ ಏಳಲಿಲ್ಲ. ಡೆಲ್ಫೀನ್ ಕೆಲಸಕ್ಕೆ ಹೋಗಿದ್ದಳು. ಐರೀನ್ ಫೋನ್ ಮಾಡಿದಾಗ ಅವಳ ಕೈ ಬಕೆಟ್ಟಿನಲ್ಲಿತ್ತು. ಊರಿಗೆ ದೇಹದ ಜೊತೆ ಇಬ್ಬರೂ ಹೋದರು. ಕೆರೆಯ ಮಂಜುಗಡ್ಡೆ ಆಗಷ್ಟೇ ಒಡೆದಿತ್ತು. ಮಕ್ಕಳ ಹೆಸರು ಹೇಳಿ ಎಂದು ಪಾದ್ರಿ ಕೇಳಿದಾಗ ಐರೀನ್ ಸುಮ್ಮನೆ ನಿಂತಿದ್ದಳು. ಡೆಲ್ಫೀನ್ ಅವಳ ಹೆಸರು ಹೇಳಿದಳು.

ಜೂನ್‌ನಲ್ಲಿ ಮೂರನೇ ಮಹಡಿಯ ಕೋಣೆಯಲ್ಲಿ ಸಭೆ ಇಟ್ಟರು. ಡೆಲ್ಫೀನ್ ಕೂಡ ಬರಬೇಕೆಂದು ಹೇಳಿಕಳಿಸಿದ್ದರು. ಆ ಕೋಣೆಯ ಉದ್ದ ಮೇಜು ಅವಳಿಗೆ ಗೊತ್ತು. ಅದರ ಅಡಿಯಲ್ಲಿ ಚೂಯಿಂಗ್ ಗಮ್ ಎಲ್ಲೆಲ್ಲಿ ಅಂಟಿಸುತ್ತಾರೆ ಎಂಬುದೂ ಗೊತ್ತು. ಎಷ್ಟೋ ಸಲ ಚಾಕುವಿನಿಂದ ಕೆರೆದಿದ್ದಾಳೆ. ಆ ಮೇಜಿನ ಕುರ್ಚಿಯಲ್ಲಿ ಕೂತದ್ದು ಮಾತ್ರ ಅದೇ ಮೊದಲು. ಕೈಗಳನ್ನು ತೊಡೆಯ ಮೇಲೆ ಮುಚ್ಚಿಟ್ಟುಕೊಂಡಳು.

ಎದುರಿಗೆ ವಿಟೇಕರ್ ಇದ್ದರು. ಕಚೇರಿಯ ಹಾಲಮ್ ಎಂಬ ಹೆಂಗಸು ಇದ್ದಳು. ಹಾಲಮ್ ಕೆಟ್ಟವಳಲ್ಲ. ನೀರು ಬೇಕೇ ಎಂದು ಎರಡು ಸಲ ಕೇಳಿದಳು.

"ನಿಮ್ಮ ಅಜ್ಜಿ ತೀರಿಕೊಂಡಿದ್ದು ಕೇಳಿ ನಮಗೆಲ್ಲ ಬೇಜಾರಾಯ್ತು" ಅಂದಳು. "ಆದ್ರೆ ಇದಕ್ಕೊಂದು ದಾರಿ ಇದೆ. ತೀರಿಕೊಂಡವರ ಪರವಾಗಿ ಹತ್ತಿರದ ಸಂಬಂಧಿಕರು ಸಹಿ ಮಾಡಬಹುದು."

"ನಾನು ಮಗಳು" ಅಂದಳು ಐರೀನ್. "ನಾನು ಮಾಡ್ತೀನಿ."

ಹಾಲಮ್ ವಿಟೇಕರ್ ಕಡೆ ನೋಡಿದಳು. ವಿಟೇಕರ್ ಪೆನ್ನಿನ ಮುಚ್ಚಳ ತೆಗೆದು ಮತ್ತೆ ಹಾಕಿದರು.

"ಐರೀನ್, ಇದು ನಿಮಗೇ ಗೊತ್ತಿರೋ ಕಾನೂನು" ಅಂದರು. "ದತ್ತು ಆದೇಶ ಆದ ಮೇಲೆ ಹೆತ್ತವರ ಜೊತೆ ಸಂಬಂಧ ಮುಗೀತು. ಕಾಗದದ ಪ್ರಕಾರ ನೀವು ಆಕೆಗೆ ಯಾರೂ ಅಲ್ಲ."

ಐರೀನ್ ತಲೆ ಅಲ್ಲಾಡಿಸಿದಳು. ಗೊತ್ತಿದೆ ಎನ್ನುವಂತೆ. ಪರೀಕ್ಷೆಯಲ್ಲಿ ಆ ಪ್ರಶ್ನೆಗೆ ಅವಳೇ ಉತ್ತರ ಬರೆದಿದ್ದಳು. ಒಳ್ಳೆಯ ಅಂಕ ಬಂದಿತ್ತು. ಡೆಲ್ಫೀನ್ ಅವಳ ಕುತ್ತಿಗೆಯ ನರ ನೋಡುತ್ತಿದ್ದಳು.

"ಹಾಗಾಗಿ ಮೊಮ್ಮಗಳು" ಅಂದಳು ಹಾಲಮ್. ಕಾಗದವನ್ನು ಡೆಲ್ಫೀನ್ ಕಡೆ ಸರಿಸಿದಳು. "ಇಲ್ಲೊಂದು ಸಹಿ. ಮೇಲೆ ಚಿಕ್ಕ ಚೌಕ ಇದೆ ನೋಡಿ, ಅಲ್ಲೊಂದು ಗುರುತು. ಅಷ್ಟೇ. ಓದಿ ಹೇಳ್ಲಾ?"

"ಓದ್ತೀನಿ" ಅಂದಳು ಡೆಲ್ಫೀನ್.

ನಿಧಾನ ಓದಿದಳು. ಯಾರೋ ಗಡಿಯಾರ ನೋಡಿಕೊಂಡರು. ಭಾಗಿ ಸಂಖ್ಯೆ ಒಂದರ ಸಂಬಂಧಿಯಾದ ನಾನು, ಎಂದು ಶುರುವಾಗಿತ್ತು. ಚೌಕದ ಪಕ್ಕ ಹೀಗಿತ್ತು: ಮೃತರು ತಮ್ಮ ಜೀವಿತಕಾಲದಲ್ಲಿ ಒಪ್ಪಿಗೆ ನೀಡಿರಲಿಲ್ಲ, ಅವರ ಬದಲಾಗಿ ನಾನು ಈಗ ನೀಡುತ್ತಿದ್ದೇನೆ.

ಅವಳು ಆ ಸಾಲನ್ನು ಮತ್ತೆ ಓದಿದಳು.

"ಅವಳು ಒಪ್ಪಿದ್ದಳು" ಅಂದಳು. ದನಿ ಎಷ್ಟು ಸಣ್ಣದಿತ್ತೆಂದರೆ ಹಾಲಮ್ ಮುಂದಕ್ಕೆ ಬಾಗಬೇಕಾಯಿತು.

"ಅದಕ್ಕೆ ದಾಖಲೆ ಇಲ್ಲವಲ್ಲ."

"ನಾನಿದ್ದೆ. ಹತ್ತು ದಿನವೂ ಇದ್ದೆ. ಹೊಗೆಸೊಪ್ಪು ತಗೊಂಡಳು."

"ನಮಗೆ ಅದರ ಬಗ್ಗೆ ಗೌರವ ಇದೆ. ಆದ್ರೆ ನಿಯಮದ ಪ್ರಕಾರ ಅದು ಉಡುಗೊರೆ. ಒಪ್ಪಿಗೆ ಅಲ್ಲ."

"ಇನ್ನೊಂದು ವಿಷಯ ಇದೆ" ಅಂದರು ವಿಟೇಕರ್. ಡೆಲ್ಫೀನ್ ಕಡೆ ತಿರುಗಿದರು. "ಅನುವಾದ ನೀವೇ ಮಾಡಿದ್ದು ಅಂತ ಐರೀನ್ ಬರೆದಿದ್ದಾರೆ. ನಿಮ್ಮ ವಿದ್ಯಾರ್ಹತೆ ಏನು? ಸುಮ್ಮನೆ, ಅಡಿಟಿಪ್ಪಣಿಗೆ."

"ಎಂಟನೇ ಕ್ಲಾಸು."

ಅವರು ಬರೆದುಕೊಳ್ಳಲಿಲ್ಲ. "ಪರವಾಗಿಲ್ಲ" ಅಂದರು. "ಅದನ್ನ ಬೇರೆ ರೀತಿ ಹಾಕೋಣ. ಕುಟುಂಬದವರ ನೆರವಿನಿಂದ, ಅಂತ."

ನಾನೂರು ಪುಟ. ಡೆಲ್ಫೀನ್‌ಗೆ ಬೆರಳು ಉರಿದವು, ಜೂನ್ ತಿಂಗಳಲ್ಲೂ. ಅವಳು ತಲೆ ಎತ್ತಿ ಗೋಡೆಯ ಮೂಲೆ ನೋಡಿದಳು. ಅಲ್ಲಿ ಜೇಡರ ಬಲೆ ಇತ್ತು. ಮೊನ್ನೆ ತೆಗೆಯುವುದು ಮರೆತಿದ್ದಳು.

"ಡೆಲ್" ಅಂದಳು ಐರೀನ್. ಅಷ್ಟೇ ಅಂದಳು. ಅದರಲ್ಲಿ ಆರು ವರ್ಷ ಇತ್ತು. ಅದಕ್ಕೆ ಹಿಂದಿನ ನಲವತ್ತೂ ಇತ್ತು.

ಡೆಲ್ಫೀನ್ ಪೆನ್ನು ಎತ್ತಿಕೊಂಡಳು. ಚೌಕದ ಮೇಲೆ ಹಿಡಿದಳು. ಎರಡೂ ಕೈಯಲ್ಲಿ ಕೆಂಪು ಗಂಟು ತೆಗೆದುಕೊಂಡ ಕೂಕುಮ್ ಕಣ್ಣ ಮುಂದೆ ಬಂದಳು. ಹತ್ತು ಸಲ ಬಂದಳು. ಇಲ್ಲಿ ಗುರುತು ಹಾಕಿದರೆ ಆ ಹತ್ತು ಸಲವೂ ಅವಳು ಏನೂ ಕೊಟ್ಟಿರಲಿಲ್ಲ ಎಂದಾಗುತ್ತದೆ. ಕದ್ದುಕೊಂಡು ಬಂದದ್ದು ಎಂದಾಗುತ್ತದೆ. ಈಗ ಮೊಮ್ಮಗಳು ದಾನ ಮಾಡಿದಳು ಎಂದಾಗುತ್ತದೆ.

"ಈ ಸಾಲು ಹೊಡೆದುಹಾಕ್ತೀರಾ?" ಅಂದಳು. "ಒಪ್ಪಿದ್ದಳು ಅಂತ ಬರೀರಿ. ಸಹಿ ಮಾಡ್ತೀನಿ."

"ಅದು ಆಗಲ್ಲ" ಅಂದಳು ಹಾಲಮ್. "ಇದು ಎಲ್ಲರಿಗೂ ಒಂದೇ ನಮೂನೆ."

"ಹಾಗಾದ್ರೆ ಮಾಡಲ್ಲ."

"ಅರ್ಥ ಮಾಡ್ಕೊಳ್ಳಿ, ಇದು ಬರೀ ಔಪಚಾರಿಕ."

"ಅವಳು ಸುಳ್ಳಿ ಅಲ್ಲ" ಅಂದಳು ಡೆಲ್ಫೀನ್. ಈ ಸಲ ಎಲ್ಲರಿಗೂ ಕೇಳಿಸಿತು. "ನಾನು ಬರೆದುಕೊಡಲ್ಲ."

ಪೆನ್ನು ಕೆಳಗಿಟ್ಟಳು. ಎದ್ದಾಗ ಅಭ್ಯಾಸದಂತೆ ಕುರ್ಚಿಯನ್ನು ಮೇಜಿನ ಒಳಗೆ ತಳ್ಳಿದಳು.

ಕಾರಿಡಾರಿನಲ್ಲಿ ವಿಟೇಕರ್ ಐರೀನ್‌ಳ ಹಿಂದೆ ಬಂದರು. ತಗ್ಗಿದ ದನಿಯಲ್ಲಿ ಹೇಳಿದರು. ಗಾಬರಿಯಾಗಬೇಡಿ, ಮೊದಲ ದಿನದ ಮಾತಿಗೆ ಒಪ್ಪಿಗೆ ಇದೆಯಲ್ಲ, ಅದೊಂದರ ಮೇಲೆಯೇ ಪ್ರಬಂಧ ತಿದ್ದಿ ಕೊಡಿ, ನಾಯಿಗಳ ಅಧ್ಯಾಯ ಬೆಳೆಸಿ, ಪರೀಕ್ಷಕರಿಗೆ ಅದೇ ಇಷ್ಟ.

"ಅದು ತಮಾಷೆ ಅಂತ ನಿಮಗೆ ಹೇಳಿದೀನಲ್ಲ ಪ್ರೊಫೆಸರ್."

"ಹೇಳಿದ್ರಿ. ಆದ್ರೆ ತಮಾಷೆಗೂ ಒಂದು ಕಾನೂನು ಇರುತ್ತೆ. ಅದನ್ನೂ ಒಂದು ಪ್ಯಾರಾ ಸೇರಿಸಿ."

ಬಸ್ಸಿನಲ್ಲಿ ಐರೀನ್ ಮಾತಾಡಲಿಲ್ಲ. ಮನೆಯಲ್ಲೂ ಮಾತಾಡಲಿಲ್ಲ. ಐದು ದಿನ ಹಾಗೇ ಹೋಯಿತು. ಡೆಲ್ಫೀನ್ ಬ್ಯಾನಕ್ ರೊಟ್ಟಿ ಮಾಡಿಟ್ಟರೆ ಅದು ಮುಚ್ಚಿದಂತೆಯೇ ಇರುತ್ತಿತ್ತು. ಆರನೇ ದಿನ ಐರೀನ್ ಅಡುಗೆಮನೆಯ ಬಾಗಿಲಲ್ಲಿ ಬಂದು ನಿಂತಳು. ಕಣ್ಣು ಊದಿತ್ತು.

"ಒಂದು ಗೀಟು" ಅಂದಳು. "ಒಂದೇ ಒಂದು ಗೀಟು ಎಳೆದಿದ್ರೆ ನಿನ್ನ ಗಂಟೇನು ಹೋಗ್ತಿತ್ತು?"

ಡೆಲ್ಫೀನ್ ಹಿಟ್ಟು ನಾದುತ್ತಿದ್ದಳು. ಕೈ ನಿಲ್ಲಿಸಲಿಲ್ಲ.

"ನಿಮ್ಮಮ್ಮನೂ ಒಂದೇ ಗೀಟು ಹಾಕಿದ್ದು."

ಹೇಳಿದ ಮೇಲೆ ಅವಳಿಗೇ ಹೆದರಿಕೆಯಾಯಿತು. ಚಿಕ್ಕಮ್ಮನಿಗೆ ಎದುರು ಮಾತಾಡಿದವಳಲ್ಲ. ಐರೀನ್ ಹೊಡೆಯುತ್ತಾಳೇನೋ ಅನ್ನಿಸಿತು. ಐರೀನ್ ಬಂದು ಪಕ್ಕದಲ್ಲಿ ನಿಂತಳು. ಹಿಟ್ಟಿನ ಒಂದು ತುಂಡು ಮುರಿದುಕೊಂಡಳು. ಅವಳಿಗೆ ತಟ್ಟಲು ಸರಿಯಾಗಿ ಬರುತ್ತಿರಲಿಲ್ಲ. ಬಾರದಿದ್ದರೂ ತಟ್ಟಿದಳು. ಅವಳ ಮುಖದಿಂದ ನೀರು ಹಿಟ್ಟಿನ ಮೇಲೆ ಬೀಳುತ್ತಿತ್ತು.

"ದಪ್ಪ ಆಯ್ತು ಚಿಕ್ಕಮ್ಮ" ಅಂದಳು ಡೆಲ್ಫೀನ್.

"ಇರ್ಲಿ ಬಿಡು."

ಆಗಸ್ಟಿನಲ್ಲಿ ಐರೀನ್ ಪ್ರಬಂಧದ ಕಡತ ತೆರೆದು ಹಲವು ದಿನ ಕೂತಳು. ನಾಯಿಗಳ ಅಧ್ಯಾಯವನ್ನು ಎರಡು ಪುಟ ಬೆಳೆಸಿದಳು. ಅಳಿಸಿದಳು. ಮತ್ತೆ ಬೆಳೆಸಿದಳು. ಆರು ವರ್ಷದ ಗಡುವು ಮುಗಿಯುವ ಮೂವತ್ತೊಂದನೇ ತಾರೀಖು ಮಧ್ಯಾಹ್ನ ಕಚೇರಿಗೆ ಎರಡು ಸಾಲು ಬರೆದಳು. ನನ್ನ ತಾಯಿಯ ಹೆಸರು ಫಿಲೊಮಿನ್ ಕ್ಯಾಸ್ಟೆಲ್. ಆಕೆ ತಮಾಷೆಗೆ ಹೇಳಿದ್ದನ್ನು ಆಕೆಯ ಕಾನೂನು ಎಂದು ನಾನು ಒಪ್ಪಿಸುವುದಿಲ್ಲ. ಕಳಿಸಿದ ಮೇಲೆ ಲ್ಯಾಪ್‌ಟಾಪ್ ಮುಚ್ಚಿ ಹಾಸಿಗೆಯ ಮೇಲೆ ಗೋಡೆ ಕಡೆ ತಿರುಗಿ ಮಲಗಿದಳು. ಡೆಲ್ಫೀನ್ ಕಾಲ ಹತ್ತಿರ ಕೂತಿದ್ದಳು. ಹೊರಗೆ ಬಿಸಿಲಿತ್ತು. ಎರಡು ವಾರದ ಮೇಲೆ ಉತ್ತರ ಬಂತು. ಹೆಸರು ತೆಗೆಯಲಾಗಿದೆ.

ಐರೀನ್ ಈಗ ಬಾಡಿಗೆದಾರರ ಜಗಳದ ಅರ್ಜಿ ಬರೆದುಕೊಡುವ ಒಂದು ಚಿಕ್ಕ ಕಚೇರಿಯಲ್ಲಿ ಕೆಲಸ ಮಾಡುತ್ತಾಳೆ. ನಾನೂರು ಪುಟ ಬಿಸ್ಕತ್ತಿನ ತಗಡಿನ ಡಬ್ಬಿಯಲ್ಲಿ, ಕೂಕುಮ್‌ನ ಮಂಚದ ಕೆಳಗೆ ಇದೆ. ಮೊದಲ ಹಿಮ ಬಿದ್ದ ಮೇಲೆ ಐರೀನ್ ಒಂದು ಕೆಂಪು ಗಂಟು ಕಟ್ಟಿಕೊಂಡು ಬಂದು ಡೆಲ್ಫೀನ್‌ಳ ಮುಂದೆ ಇಟ್ಟಳು. ನಾನಿನ್ನೂ ಚಿಕ್ಕವಳು ಅಂದಳು ಡೆಲ್ಫೀನ್. ಐರೀನ್ ಎದ್ದು ಹೋಗಲಿಲ್ಲ. ಕಾದಳು. ಬಹಳ ಹೊತ್ತಾದ ಮೇಲೆ ಡೆಲ್ಫೀನ್ ಕೈ ಚಾಚಿದಳು.

ಜನವರಿಯ ಒಂದು ಬೆಳಿಗ್ಗೆ ಹೊರಗೆ ಮೊಣಕಾಲುದ್ದ ಹಿಮ. ಮೊದಲ ತರಗತಿ ಶುರುವಾಗುವ ಮೊದಲು ಡೆಲ್ಫೀನ್ ಕಾರಿಡಾರಿನಲ್ಲಿ ಮಂಡಿಯೂರಿ ಉಪ್ಪಿನ ಕಲೆ ಉಜ್ಜುತ್ತಿದ್ದಳು. ಗಾಜಿನ ಹಿಂದೆ ಹೊಸ ಕಾಗದ ಬಂದಿತ್ತು. ಹಳೆಯ ಮಾತುಗಳೇ, ತಾರೀಖು ಮಾತ್ರ ಬೇರೆ. ಇಬ್ಬರು ಹುಡುಗರು ಅದರ ಮುಂದಿನ ಬೆಂಚಿನ ಮೇಲೆ ಕೂತು ಪರೀಕ್ಷೆಗೆ ಓದುತ್ತಿದ್ದರು. ಒಬ್ಬ ಗಟ್ಟಿಯಾಗಿ ಓದಿ ಹೇಳುತ್ತಿದ್ದ.

"ಬರ್ಕೋ. ಮೀನು ಕದ್ದವನು ಷರಾಯಿ ಹಿಂದುಮುಂದು ಹಾಕ್ಕೊಂಡು ನಾಯಿಗಳ ಮುಂದೆ ನಿಲ್ಬೇಕು. ನಾಯಿ ಬೊಗಳಿದ್ರೆ ಇನ್ನು ಮೂರು ದಿನ. ಮಾನವೇತರ ನ್ಯಾಯಪೀಠ. ವಿಟೇಕರ್ ಇದನ್ನ ಪ್ರತಿ ವರ್ಷ ಕೇಳ್ತಾರಂತೆ."

"ಈ ಜನ ಒಳ್ಳೆ ಮಜವಾಗಿದ್ರಪ್ಪ" ಅಂದ ಇನ್ನೊಬ್ಬ.

ಡೆಲ್ಫೀನ್‌ಳ ಕೈ ನಿಂತಿತು. ಊರಿನ ಅಡುಗೆಮನೆ, ಹಟ ಹಿಡಿದ ತಾನು, ಬಾಯಿಗೆ ಮೀನಿನ ತುತ್ತು ಹಿಡಿದ ಕೂಕುಮ್. ನಾಯಿಯಂತೆ ಬೊಗಳಿ ತೋರಿಸುತ್ತಿದ್ದಳು ಅವಳು.

"ಅದು ಸುಳ್ಳು" ಅಂದಳು ಡೆಲ್ಫೀನ್.

ಹುಡುಗರು ಸುತ್ತ ನೋಡಿ, ಆಮೇಲೆ ಕೆಳಗೆ ನೋಡಿದರು.

"ಏನಂದ್ರಿ?"

"ಅದು ಕಾನೂನಲ್ಲ. ಮಕ್ಕಳಿಗೆ ಊಟ ಮಾಡಿಸೋ ಕಥೆ. ನಮ್ಮಜ್ಜಿ ಹೇಳಿದ್ದು. ಫಿಲೊಮಿನ್ ಕ್ಯಾಸ್ಟೆಲ್. ಕಾನೂನು ಬೇರೆ ಇದೆ."

ಓದುತ್ತಿದ್ದವನು ಒಳ್ಳೆಯ ಹುಡುಗನೇ ಇರಬೇಕು. ನಗಲಿಲ್ಲ. ಪೆನ್ನು ತೆಗೆದ.

"ಹೌದಾ? ಏನದು? ಎಲ್ಲಿ ಬರೆದಿದೆ? ಅದಕ್ಕೆ ಆಧಾರ ಏನಾದ್ರೂ ಇದೆಯಾ?"

ಡೆಲ್ಫೀನ್ ಹಿಮ್ಮಡಿಯ ಮೇಲೆ ಕೂತಳು. ಒದ್ದೆ ಕೈಯನ್ನು ಏಪ್ರನ್ನಿಗೆ ಒರೆಸಿಕೊಂಡಳು. ಹೊರಗೆ ಹಿಮ ಇತ್ತು. ಕೇಳುವವರು ಎದುರಿಗಿದ್ದರು.

"ಹೊಗೆಸೊಪ್ಪು ತಂದಿದೀರಾ?" ಅಂದಳು.

ಹುಡುಗ ತನ್ನ ಗೆಳೆಯನ ಮುಖ ನೋಡಿದ. ಆಮೇಲೆ ಇವಳ ಕಡೆ ತಿರುಗಿ, ಮರ್ಯಾದೆಯಿಂದಲೇ ಹೇಳಿದ.

"ಸಾರಿ. ನಾನು ಸೇದಲ್ಲ."

ಗಂಟೆ ಹೊಡೆಯಿತು. ಇಬ್ಬರೂ ಎದ್ದು ಒದ್ದೆ ನೆಲದ ಮೇಲೆ ನಡೆದುಕೊಂಡು ತರಗತಿಗೆ ಹೋದರು. ಬಾಗಿಲವರೆಗೂ ಬೂಟಿನ ಗುರುತು ಬಿದ್ದಿತ್ತು. ಡೆಲ್ಫೀನ್ ಬಟ್ಟೆಯನ್ನು ಬಕೆಟ್ಟಿನಲ್ಲಿ ಅದ್ದಿ, ಹಿಂಡಿ, ಮೊದಲ ಗುರುತಿನಿಂದ ಶುರುಮಾಡಿದಳು.